ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಊದುಗಾಜು

ಗಾಜಿನ ಹಳೆಯ ಸಾಮಾನುಗಳೆಂದೊಡನೆ ಸಂಗ್ರಾಹಕರ ದೃಷ್ಟಿಯು ಅರಮನೆಗಳ ಕಡೆಗೆ ಹರಿಯುವುದು ಸಹಜ. ತೂಗುದೀಪದ ಹಂಡಿ, ಗುಲಾಬದಾನಿ, ಅತ್ತರಿನ ಕುಪ್ಪಿ, ಹುಕ್ಕದ ಬುರುಡೆ ಇವೇ ಮೊದಲಾದುವನ್ನು ನಾಯಕರು ಆಳಿದ ಸುರಪುರದಲ್ಲಿಯೂ, ಕೋಟೆಗಳಿಂದ ಪ್ರಸಿದ್ಧವಾದ ಯಾದಗಿರಿ ಶಹಾಪುರಗಳಲ್ಲಿಯೂ ಹುಡುಕಬೇಕೆಂದು ತೋರುವುದು. ಆದರೆ ಬಾಯಿಂದ ಊದಿ ಮಾಡಿದ ಗಾಜು ಈ ಮೂರು ತಾಲೂಕುಗಳಲ್ಲಿ ಜನಸಾಮಾನ್ಯರ ನಡುವೆ ಹರಡಿದ್ದುದು ಪಾತ್ರೆಯ ರೂಪದಲ್ಲಲ್ಲ. ಊರ ಹೊರಗಣ ತಾಂಡಾಗಳಲ್ಲಿ ಲಂಬಾಣಿ ಹೆಂಗಸರು ತೊಡುವ ಉಡುಗೆಯ ಮೇಲಣ ಸಣ್ಣ ಕನ್ನಡಿಬಿಲ್ಲೆಗಳ ರೂಪದಲ್ಲಿ. ಪಾತ್ರೆ, ಬಿಲ್ಲೆ ಎರಡನ್ನೂ ಒಟ್ಟಿಗೆ ನೋಡಿದಲ್ಲದೆ ಈ ಸೀಮೆಯ ಗಾಜಿನ ಚರಿತ್ರೆಯು ಪೂರ್ಣವಾಗುವುದಿಲ್ಲ. ಊದುಗಾಜನ್ನು ಗುರುತಿಸುವ ಬಗೆ ಯಾವುದು, ಅದನ್ನು ಸಂಗ್ರಹಿಸುವಾಗ ಕಾಪಾಡಬೇಕಾದುದೇನು ಎಂಬ ಎರಡು ವಿಷಯಗಳನ್ನು ಇಲ್ಲಿ ವಿವರಿಸಿದೆ.

ಮೊದಲು ಶಬ್ದಗಳನ್ನು ನೋಡಬಹುದು. ‘ಗಾಜು’ ಎಂಬುದು ಸಂಸ್ಕೃತದ ‘ಕಾಚ’ ಶಬ್ದದ ತದ್ಭವ. ಬಳೆ, ಮಣಿಗಳ ಜೊತೆಯಲ್ಲಿ ನಮ್ಮ ಜನರ ಬಾಯಲ್ಲಿ ಬಹುಕಾಲದಿಂದ ನೆಲೆನಿಂತುದು. ‘ಶೀಸೆ’ಯು ಪಾರಸಿಯ ‘ಶೀಶಾ’ದಿಂದ ಬಂದುದು, ಅತ್ತರು, ಪನ್ನೀರು, ಔಷಧಗಳನ್ನು ತುಂಬಿಡುವ ಪಾತ್ರೆಯ ಹೆಸರಾಗಿ ಅದು ನಿಂತಿತು. ‘ಬಾಟ್ಲಿ’ ಇಂಗ್ಲಿಷಿನದು. ಆಭರಣದ ಗಾಜು, ಸುಲ್ತಾನರ ಕಾಲದ ಸುಗಂಧಪಾತ್ರೆ, ಕಾರ್ಖಾನೆಯ ಸರಕು ಎಂಬ ಮೂರು ಪದರಗಳು ಈ ಮೂರು ಮಾತುಗಳಲ್ಲಿ ಅಡಗಿವೆ. ಶಬ್ದದ ಚರಿತ್ರೆಯೇ ವಸ್ತುವಿನ ಚರಿತ್ರೆಗೆ ಪೂರ್ಣ ಪ್ರಮಾಣವಾಗಲಾರದು. ಆದರೂ ವಸ್ತುಗಳ ಸಾಕ್ಷ್ಯವು ಇಲ್ಲಿ ಶಬ್ದಗಳ ಸಾಕ್ಷ್ಯಕ್ಕೆ ವಿರೋಧವಾಗಿಲ್ಲ.

ಈ ಸೀಮೆಗೆ ದಕ್ಷಿಣದಲ್ಲಿ, ಕೃಷ್ಣೆಯ ಆಚೆಗಿರುವ ಮಸ್ಕಿಯ ಉತ್ಖನನಗಳಲ್ಲಿ ಗಾಜಿನ ಮಣಿಗಳು ದೊರೆತಿವೆ. ಗಾಜು ಕನ್ನಡನಾಡಿಗೆ ಹೊಸತಲ್ಲವೆಂಬುದು ಇದರಿಂದ ಸ್ಪಷ್ಟ. ಆದರೆ ಮಣಿಯನ್ನು ಸುತ್ತಿ ಅಥವಾ ಎಳೆದು ಮಾಡುತ್ತಿದ್ದರು. ಬಳೆಯನ್ನು ಕರಗಿದ ಮುದ್ದೆಯಿಂದ ತಿರುಗಿಸಿ ಹಿಗ್ಗಿಸುತ್ತಿದ್ದರು. ಎರಡಕ್ಕೂ ಊದುವ ಕೆಲಸ ಬೇಕಿಲ್ಲ. ಕ್ರಿ. ಶ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಈಗಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಬಳೆಯ ಗಾಜನ್ನು ಕಾಯಿಸುವುದನ್ನು ಕಂಡು ಬರೆದಿದ್ದಾನೆ. ಬಿಳಿಯ ಬೆಣಚುಕಲ್ಲಿನ ಪುಡಿ, ನೆಲದ ಮೇಲೆ ತಾನಾಗಿ ಹೂತುಬರುವ ಸೌಳು ಇವೇ ಅಲ್ಲಿನ ಮೂಲದ್ರವ್ಯಗಳು. ಕಪ್ಪು, ಹಸುರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು ಅಲ್ಲಿ ಸಿದ್ಧವಾಗುತ್ತಿತ್ತು. ಈ ಸೌಳಿನ ಸಂಗತಿಯು ಸಂಶೋಧಕನಿಗೆ ಮುಖ್ಯವಾದುದು. ಸೌಳನ್ನೂ ಶುದ್ಧಿಮಾಡದ ಮರಳನ್ನೂ ಬಳಸಿದ ಭಾರತೀಯ ಗಾಜಿನಲ್ಲಿ ಅಲ್ಯೂಮಿನದ ಅಂಶವು ಹೆಚ್ಚಾಗಿರುತ್ತದೆ; ಯೂರೋಪಿನ ಹಳೆಯ ಗಾಜಿನಲ್ಲಿ ಅದು ಸಾಮಾನ್ಯವಾಗಿ ಕಡಮೆ. ವಸ್ತುವನ್ನು ಒಡೆಯದೆಯೇ ಕ್ಷ-ಕಿರಣಗಳಿಂದ ಘಟಕಗಳನ್ನು ಅಳೆಯುವ ಉಪಕರಣಗಳು ಬಂದಿರುವುದರಿಂದ, ಬಳೆಚೂರೊಂದು ದೇಶದ ಕುಲುಮೆಯದೋ ಹೊರಗಿನದೋ ಎಂಬುದನ್ನು ವಿಚಾರಿಸುವುದಕ್ಕೆ ಮಾರ್ಗವಾಗಿದೆ.

ಊದುವ ವಿದ್ಯೆಯು ಹುಟ್ಟಿದುದು ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿ, ಸಿರಿಯ ಪ್ಯಾಲೆಸ್ಟೈನುಗಳ ಕಡೆ. ಕುಲುಮೆಯಲ್ಲಿ ಕರಗಿದ ಗಾಜನ್ನು ಕಬ್ಬಿಣದ ಕೊಳವೆಯ ತುದಿಗೆ ಸುತ್ತಿಕೊಂಡು ಇನ್ನೊಂದು ತುದಿಯಿಂದ ಊದಿದರೆ ಅದು ಗುಳ್ಳೆಯಾಗಿ ಉಬ್ಬುತ್ತದೆ. ಅದನ್ನು ಹೊರಳಿಸಿ, ತೂಗಾಡಿಸಿ, ಇಲ್ಲವೆ ಅಚ್ಚಿನೊಳಗಿಟ್ಟು ಬೇಕಾದ ಆಕಾರಕ್ಕೆ ತರುತ್ತಾರೆ. ಬಾಯನ್ನು ತಿದ್ದುವಾಗ ಹಿಡಿದುಕೊಳ್ಳುವುದಕ್ಕೆಂದು ಬುಡಕ್ಕೆ ಇನ್ನೊಂದು ಸರಳನ್ನು ಅಂಟಿಸಿ, ಕೊಳವೆಯಿಂದ ಬೇರ್ಪಡಿಸುತ್ತಾರೆ. ಕೆಲಸ ಮುಗಿದ ಮೇಲೆ ಸರಳನ್ನು ಮುರಿದು ತೆಗೆದು, ಪಾತ್ರೆಯನ್ನು ನಿಧಾನವಾಗಿ ಆರಿಸುತ್ತಾರೆ. ಬೇಗನೆ ಆರಿದ ಗಾಜು ಒಳಗಿನ ಬಿಗಿಯಿಂದ ತಾನಾಗಿಯೇ ಸೀಳುತ್ತದೆ.

ಭಾರತದಲ್ಲಿ ಊದಿದ ಪಾತ್ರೆಗಳು ಹೆಚ್ಚಾಗಿ ಬಳಕೆಗೆ ಬಂದುದು ಮುಸಲ್ಮಾನ ಅರಸರ ಕಾಲದಲ್ಲಿ. ಹುಕ್ಕದ ಬುರುಡೆಯೊಂದನ್ನೇ ನೋಡಿದರೆ ಕಾಲನಿರ್ಣಯಕ್ಕೆ ಆಕಾರವು ಎಷ್ಟು ಸಹಾಯಮಾಡುವುದೆಂದು ತಿಳಿದೀತು. 17ನೆಯ ಶತಮಾನದಲ್ಲಿ ಈ ಬುರುಡೆಯು ಗುಂಡಾಗಿದ್ದು, ಉರುಳದಂತೆ ಸಿಂಬಿಯ ಮೇಲೆ ಕುಳಿತಿರುತ್ತಿತ್ತು. 18ನೆಯ ಶತಮಾನದಲ್ಲಿ ಬುಡ ಅಗಲವಾಗಿ ಗಂಟೆಯಾಕಾರ ತಳೆಯಿತು. ಬೀದರಿನ ಬಿದರಿ ಕೆಲಸದ ಹುಕ್ಕಗಳಲ್ಲಿಯೂ ಇದೇ ಮಾರ್ಪಾಡು ಕಾಣುವುದರಿಂದ, ಲೋಹದ ಹುಕ್ಕಗಳ ಜೊತೆ ಹೋಲಿಸಿ ಗಾಜಿನವುಗಳ ಕಾಲವನ್ನು ಊಹಿಸಬಹುದು.

ಸುರಪುರದ ಸಂಸ್ಥಾನವು 1858ರ ಬಂಡಾಯದ ತರುವಾಯ ಕೊನೆಗಂಡು, 1860ರಲ್ಲಿ ಹೈದರಾಬಾದಿನ ನಿಜಾಮರ ವಶಕ್ಕೆ ಸೇರಿತು. ಮುಂಬಯಿಯಿಂದ ಹೊರಟ ರೈಲುದಾರಿಯು ಯಾದಗಿರಿಯ ಮೇಲೆ ಹಾದು 1871ರಲ್ಲಿ ರಾಯಚೂರನ್ನು ಮುಟ್ಟಿತು. ಎತ್ತಿನ ಮೇಲೆ ಹೇರಿಕೊಂಡು ಬರುತ್ತಿದ್ದ ಕಾಲದಲ್ಲಿ ಗಾಜು ದುಬಾರಿ. ರೈಲಿನಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಅದು ಅಗ್ಗವಾಗಿ ಬರಲು ಅನುಕೂಲವಾಯಿತು. ಆದಕಾರಣ ಈ ಸೀಮೆಯ ಹಳೆಯ ಮನೆಯಲ್ಲಿ ದೊರೆಯುವ ಶೀಸೆಯನ್ನು ಕಂಡೊಡನೆ ಅದನ್ನು ನಾಯಕರ ಕಾಲಕ್ಕೆ ಏರಿಸಿಬಿಡುವುದು ಯುಕ್ತವಲ್ಲ. ಅದು ರೈಲು ಬಂದ ಮೇಲಣದೆಂದು ಮೊದಲು ಭಾವಿಸಿ, ಅದಕ್ಕಿಂತ ಹಿಂದಿನದೆಂಬುದಕ್ಕೆ ಪ್ರಮಾಣ ದೊರೆತರೆ ಮಾತ್ರ ಹಿಂದಕ್ಕೆ ಒಯ್ಯತಕ್ಕದ್ದು.

ಅಂಥ ಪ್ರಮಾಣಗಳು ಪಾತ್ರೆಯಲ್ಲಿಯೇ ಇರುತ್ತವೆ. ಬುಡವನ್ನು ತಿರುಗಿಸಿದರೆ ಸರಳು ಮುರಿದ ಒರಟು ಕಲೆ, ಅಥವಾ ಅದನ್ನು ಉಜ್ಜಿ ನಯಮಾಡಿದ ತಗ್ಗು ಕಾಣಬಹುದು. ಗೋಡೆಯ ದಪ್ಪ ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲ. ಒಳಗಿನ ಗಾಳಿಯ ಹನಿಗಳು ಗಾಜನ್ನು ಎಳೆದ ದಿಕ್ಕಿಗೆ ನೀಳವಾಗಿ, ಕೆಲವೊಮ್ಮೆ ಸುರುಳಿಯಾಗಿ ಹೋಗಿರುತ್ತವೆ. ಅಚ್ಚಿನಲ್ಲಿ ಊದಿದ ಬಾಟ್ಲಿಯ ಮೈಮೇಲೆ ಸೇರುಗೆರೆಯಿರುತ್ತದೆ. ಬಾಯನ್ನು ಕೈಯಿಂದ ತಿದ್ದಿದ್ದರೆ ಆ ಗೆರೆಯು ಬಾಯಿಯ ಕೆಳಗೇ ನಿಂತುಹೋಗುತ್ತದೆ, ಯಂತ್ರದ್ದಾದರೆ ಬಾಯಿಯ ಅಂಚಿನ ಮೇಲೂ ಹಾಯುತ್ತದೆ. ಅಮೆರಿಕದ ಮೈಕೇಲ್ ಓವೆನ್ಸನ ಸ್ವಯಂಚಾಲಿತ ಯಂತ್ರವು 1903ರಲ್ಲಿ ಬಂದಮೇಲೆ ಈ ಎರಡನೆಯ ಬಗೆಯೇ ಕ್ರಮೇಣ ಲೋಕವ್ಯಾಪಿಯಾಯಿತು. ಸೀಸದ ಭಸ್ಮವನ್ನು ಕೂಡಿಸಿದ ಸ್ಫಟಿಕದಂಥ ಗಾಜು ತೂಕವುಳ್ಳದ್ದು, ತಟ್ಟಿದರೆ ಕಂಚಿನಂತೆ ನಾದಗೊಡುವುದು. ಇಂಗ್ಲೆಂಡಿನಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟನು ಇದಕ್ಕೆ 1674ರಲ್ಲಿ ಹಕ್ಕುಪತ್ರ ಪಡೆದನು.

ಎಲ್ಲರೂ ಬಲ್ಲ ಗೋಲಿಸೋಡಾದ ಬಾಟ್ಲಿಯು ಇದಕ್ಕೆ ಒಳ್ಳೆಯ ನಿದರ್ಶನ. ಇಂಗ್ಲೆಂಡಿನ ಹೈರಂ ಕಾಡ್ ಎಂಬವನು 1870ರ ದಶಕದ ಆದಿಯಲ್ಲಿ ರೂಪಿಸಿದ ಬಾಟ್ಲಿ ಅದು. ಒಳಗಿನ ಗೋಲಿಯು ಬಾಯಿಗಿಂತ ದೊಡ್ಡದು. ಬಾಯನ್ನು ಕಿರಿದುಮಾಡುವ ಮೊದಲೇ ಅದನ್ನು ಒಳಕ್ಕೆ ಬಿಟ್ಟು, ಆಮೇಲೆ ಕಾಯಿಸಿ ತಿದ್ದಿದಲ್ಲದೆ ಇದು ಸಾಧ್ಯವಿಲ್ಲ. ಅಚ್ಚಿನ ಕೆಲಸವೂ ಕೈಕೆಲಸವೂ ಒಂದೇ ವಸ್ತುವಿನಲ್ಲಿ ಹೇಗೆ ಕೂಡಿರಬಹುದೆಂಬುದನ್ನು ಹೊಸಬನು ಇದರಿಂದ ಕಲಿಯಬಹುದು.

ಇಷ್ಟಾದರೂ ಯಾವ ಒಂದು ಲಕ್ಷಣವನ್ನೂ ಒಂಟಿಯಾಗಿ ನಂಬಲಾಗದು. ಇಂದಿನ ಕುಲುಮೆಗಳಲ್ಲಿಯೂ ಊದುವವರಿದ್ದಾರೆ. ಹಳೆಯದೆಂದು ತೋರಲೆಂದು ಬೇಕೆಂದೇ ಗಾಳಿಹನಿಗಳನ್ನು ಉಳಿಸುವುದುಂಟು. ನೆಲದಲ್ಲಿ ಹೂತಿದ್ದ ಗಾಜಿನ ಮೇಲೆ ನವಿಲುಗರಿಯ ಬಣ್ಣದ ಪೊರೆ ಕಟ್ಟುವುದು ನಿಜ. ಅದನ್ನು ಆಮ್ಲಗಳಿಂದ ಕೃತಕವಾಗಿ ಹುಟ್ಟಿಸುವುದೂ ಉಂಟು. ನಿಜವಾದ ಪೊರೆಯು ಹಾಳೆಹಾಳೆಯಾಗಿ ಏಳುತ್ತದೆ. ಹೈದರಾಬಾದಿನಲ್ಲಿ 1951ರಲ್ಲಿ ತೆರೆದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಯೂರೋಪಿನ ನಾನಾ ದೇಶಗಳ ಗಾಜು ಒಟ್ಟಿಗೆ ಇರುವುದರಿಂದ, ಕಣ್ಣನ್ನು ಪಳಗಿಸಿಕೊಳ್ಳಲು ಈ ಸೀಮೆಯವರಿಗೆ ಅದು ಸಮೀಪದ ಸ್ಥಳ.

ಇನ್ನು ಕನ್ನಡಿಬಿಲ್ಲೆಗಳ ವಿಚಾರ. ದಖ್ಖಣದ ದಂಡುಗಳಿಗೆ ಎತ್ತುಗಳ ಮೇಲೆ ದವಸವನ್ನೂ ಉಪ್ಪನ್ನೂ ಹೇರಿ ತಂದವರು ಲಂಬಾಣಿಗಳು, ಈ ಕಡೆಯ ಮಾತಿನಲ್ಲಿ ಲಮಾಣಿಗಳು. ರೈಲು ಬಂದು ಎತ್ತಿನ ಹೇರಿನ ವ್ಯಾಪಾರವು ಮುರಿದುಬಿದ್ದಾಗ ಅವರು ತಾಂಡಾಗಳಲ್ಲಿ ನೆಲೆನಿಂತರು. ಅವರ ಹೆಂಗಸರು ತೊಡುವ ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸ ಇವುಗಳ ಮೇಲೆ ದಾರದ ಕಟ್ಟಿನಿಂದ ಕೂಡಿಸಿದ ಬಿಲ್ಲೆಗಳು ಹೊಳೆಯುತ್ತವೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಹೊಲಿಗೆಯನ್ನು ಮೆಚ್ಚುವ ಕಣ್ಣು ಸಾಮಾನ್ಯವಾಗಿ ಗಾಜನ್ನು ಮರೆಯುತ್ತದೆ.

ಹಳೆಯ ಬಿಲ್ಲೆಯು ಚಪ್ಪಟೆಯಾದ ಕನ್ನಡಿಯಿಂದ ಕತ್ತರಿಸಿದುದಲ್ಲ. ಗುಜರಾತಿನ ಕಪಡವಂಜದಲ್ಲಿ ಈಚಿನವರೆಗೂ ನಡೆದುಬಂದ ಕೆಲಸದಿಂದ ಅದರ ವಿಧಾನವು ತಿಳಿಯುತ್ತದೆ. ತೆಳುವಾದ ದೊಡ್ಡ ಗೋಳವನ್ನು ಊದಿ, ಕರಗಿದ ಸೀಸ ತವರಗಳ ಮಿಶ್ರಣವನ್ನು ಅದರೊಳಕ್ಕೆ ಹುಯ್ದು ಎಲ್ಲ ಕಡೆಗೂ ಹರಿಯುವಂತೆ ತಿರುಗಿಸಿ, ಮಿಕ್ಕುದನ್ನು ಹೊರಕ್ಕೆ ಬಸಿಯುತ್ತಾರೆ. ಒಳಮೈಗೆ ಲೋಹದ ತೆಳುಪೊರೆ ಹತ್ತಿಕೊಂಡು ಗೋಳವೆಲ್ಲ ಕನ್ನಡಿಯಾಗುತ್ತದೆ. ಆಮೇಲೆ ಅದನ್ನು ಒಡೆದು, ತುಂಡುಗಳ ಅಂಚನ್ನು ತಿದ್ದಿ ಬಿಲ್ಲೆಗಳನ್ನಾಗಿ ಮಾಡುತ್ತಾರೆ. ಹೀಗೆ ಪ್ರತಿಯೊಂದು ಹಳೆಯ ಬಿಲ್ಲೆಯೂ ಊದಿದ ಗೋಳವೊಂದರ ಚೂರು.

ಗುರುತಿಸುವುದು ಕಷ್ಟವಲ್ಲ. ಗೋಳದ ಚೂರಾದುದರಿಂದ ಬಿಲ್ಲೆಯ ಮೈ ತುಸು ಉಬ್ಬಿರುತ್ತದೆ. ಅದರಲ್ಲಿ ಮುಖವು ಕಿರಿದಾಗಿ, ಸ್ವಲ್ಪ ಸೊಟ್ಟಗೆ ಕಾಣುತ್ತದೆ. ಗಾಜು ತೆಳುವಾಗಿದ್ದು, ಅಲ್ಲಲ್ಲಿ ಹನಿಗಳಿರುತ್ತವೆ. ಹಿಂಬದಿಯ ಲೋಹವು ಸೀಸದಂತೆ ಬೂದುಬಣ್ಣ. ಕಾರ್ಖಾನೆಯ ಕನ್ನಡಿಯಾದರೋ ಚಪ್ಪಟೆ. 1835ರಲ್ಲಿ ಜರ್ಮನಿಯ ಲೀಬಿಗನು ಕಂಡುಹಿಡಿದ ಕ್ರಿಯೆಯಿಂದ ಬೆಳೆದುಬಂದ ಬೆಳ್ಳಿಯ ಲೇಪವುಳ್ಳದ್ದು, ಅದರ ಮೇಲೆ ಬಣ್ಣದ ರಕ್ಷಣೆಯಿರುವುದು. ಒಂದೊಂದು ಬಿಲ್ಲೆಯೂ ಕಪಡವಂಜದಿಂದಲೇ ಬಂದಿತೆಂದು ಇದರಿಂದ ಸಿದ್ಧವಾಗದು. ಅದು ಈ ವಿಧಾನದಿಂದ ಆದುದೆಂಬುದಷ್ಟೇ ಸಿದ್ಧವಾಗುತ್ತದೆ. ಒಂದೇ ಲಂಗದ ಮೇಲೆ ಎರಡು ಬಗೆಯ ಬಿಲ್ಲೆಗಳಿದ್ದರೆ, ಒಡೆದುಹೋದುದರ ಸ್ಥಾನದಲ್ಲಿ ಹೊಸದನ್ನು ಕೂಡಿಸಿದುದು, ಅಥವಾ ಅಜ್ಜಿಯ ಬಟ್ಟೆಯ ಬಿಲ್ಲೆಗಳನ್ನು ಬಿಚ್ಚಿ ಮೊಮ್ಮಗಳಿಗೆ ಹೊಲಿದುದು ಇರಬಹುದು. ಇದನ್ನು ನಿರ್ಣಯಿಸಬೇಕಾದರೆ ಇಡೀ ಬಟ್ಟೆ ಇರಬೇಕು, ಅದನ್ನು ತೊಟ್ಟವರ ಮಾತೂ ಇರಬೇಕು.

ಆತಂಕವಿರುವುದು ಇಲ್ಲಿಯೇ. ಹಳೆಯ ಲಂಬಾಣಿ ಬಟ್ಟೆಗಳನ್ನು ಕೊಂಡು, ಕಸೂತಿಯ ಭಾಗಗಳನ್ನು ಕತ್ತರಿಸಿ ಚೀಲ, ದಿಂಬಿನ ಹೊದಿಕೆ, ಗೋಡೆಯ ತೂಗುಬಟ್ಟೆಗಳಾಗಿ ಹೊಲಿದು ಮಾರುವ ವ್ಯಾಪಾರವು ನಡೆದಿದೆ. ಕತ್ತರಿಸಿದ ತುಂಡಿನಲ್ಲಿ ಬಿಲ್ಲೆ ಉಳಿದೀತು; ಆದರೆ ಅದು ಯಾವ ತಾಂಡಾದ್ದು, ಉಡುಗೆಯ ಯಾವ ಭಾಗದ್ದು, ಮದುವೆಯದೋ ದಿನಬಳಕೆಯದೋ ಎಂಬುದೆಲ್ಲ ಅಳಿದುಹೋಗುತ್ತದೆ. ಮನೆಯಿಂದ ಹೊರಬಿದ್ದ ಶೀಸೆಗೂ ಇದೇ ಗತಿ. ಮಾರುವವನು ಒಂದು ಅರಮನೆಯ ಹೆಸರು ಹೇಳುತ್ತಾನೆ, ಕೊಳ್ಳುವವನು ನಂಬುತ್ತಾನೆ.

ವಸ್ತುವಿಗಿಂತ ಅದು ಇದ್ದ ಸ್ಥಾನವು ಹೆಚ್ಚಿನದನ್ನು ತಿಳಿಸಬಲ್ಲುದೆಂಬ ಪಾಠ ಈ ಸೀಮೆಗೆ ಹೊಸದಲ್ಲ. ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನು ಸಂಸ್ಥಾನದ ಒಳಗೂ ಭೀಮೆಯ ತೀರದ ಜೇವರ್ಗಿಯಲ್ಲಿಯೂ ಬೃಹತ್ ಶಿಲಾಸಮಾಧಿಗಳನ್ನು ಅಗೆಯಿಸಿ, ದೊರೆತುದನ್ನು ಬರಿದೆ ಹೆಕ್ಕಿಕೊಳ್ಳದೆ, ಯಾವ ಪದರದಲ್ಲಿ ಏನಿತ್ತೆಂಬ ಛೇದಚಿತ್ರಗಳನ್ನು 1850ರ ದಶಕದಲ್ಲಿಯೇ ಪ್ರಕಟಿಸಿದನು. ನೂರು ವರ್ಷಗಳ ತರುವಾಯ ಮಾರ್ಟಿಮರ್ ವೀಲರನು ಆ ಚಿತ್ರಗಳನ್ನು ಹೊಗಳಿದನು. ಮಣ್ಣಿನೊಳಗಣ ವಸ್ತುವಿಗೆ ಸಲ್ಲುವ ಈ ನಿಯಮವು ಪೆಟ್ಟಿಗೆಯೊಳಗಣ ವಸ್ತುವಿಗೂ ಸಲ್ಲತಕ್ಕದ್ದೇ.

ಆದುದರಿಂದ ಸಂಗ್ರಾಹಕನು ಕೊಳ್ಳುವುದಕ್ಕೆ ಮೊದಲು ಬರೆದುಕೊಳ್ಳಬೇಕು. ಊರು ಅಥವಾ ತಾಂಡಾ, ಮನೆಯವರು ಆ ವಸ್ತುವಿಗೆ ಹೇಳುವ ಹೆಸರು, ಅದು ಯಾರಿಂದ ಯಾರಿಗೆ ಬಂತು, ಯಾವ ಕೆಲಸಕ್ಕೆ ಬಳಕೆಯಾಗುತ್ತಿತ್ತು, ಅಳತೆ, ತೂಕ, ಬುಡದ ಮತ್ತು ಬಾಯಿಯ ಚಿತ್ರ ಇಷ್ಟಾದರೂ ಇರಬೇಕು. ಮಾರಲೊಲ್ಲದವರನ್ನು ಒತ್ತಾಯಿಸದೆ, ಚಿತ್ರ ವಿವರಗಳನ್ನು ಮಾತ್ರ ಅವರ ಒಪ್ಪಿಗೆಯಿಂದ ಪಡೆದರೆ ವಿದ್ಯೆಗೆ ನಷ್ಟವಿಲ್ಲ. ನೂರು ವರ್ಷಕ್ಕೆ ಮೀರಿದ ಕಲಾವಸ್ತುಗಳು 1972ರ ಪ್ರಾಚ್ಯವಸ್ತು ಶಾಸನಕ್ಕೆ ಒಳಪಡುವುವು. ಅವನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸಕೂಡದು. ನೆಲದಲ್ಲಿ ಸಿಕ್ಕಿದುದಕ್ಕೆ 1878ರ ನಿಕ್ಷೇಪ ಶಾಸನವೂ ಅನ್ವಯಿಸಬಹುದು.

ರಕ್ಷಣೆಯ ಕ್ರಮವು ಸರಳವಾದುದು. ಹಳೆಯ ಗಾಜಿನ ಮೇಲೆ ಬಿಸಿನೀರನ್ನು ಹುಯ್ಯಕೂಡದು; ಬೇಸಗೆಯಲ್ಲಿ ಕಾದ ಪಾತ್ರೆಗೆ ತಣ್ಣೀರೂ ಅಪಾಯಕರ. ಮೈ ಬೆವರಿದಂತೆ ಜಿಗಟಾಗುವ ಗಾಜು ರೋಗ ಹಿಡಿದುದೆಂದು ತಿಳಿದು, ತೇವವಿಲ್ಲದ, ಗಾಳಿಯಾಡುವ ಸ್ಥಳದಲ್ಲಿಡಬೇಕು. ಬಿಲ್ಲೆಗಳಿರುವ ಬಟ್ಟೆಯನ್ನು ಒಗೆಯದೆ, ಮಡಿಕೆಗಳ ನಡುವೆ ಹತ್ತಿಬಟ್ಟೆಯಿಟ್ಟು ಸಡಿಲವಾಗಿ ಸುತ್ತಿಡಬೇಕು. ಹಿಂಬದಿಯ ಲೋಹದಲ್ಲಿ ಸೀಸವಿರುವುದರಿಂದ ಅದನ್ನು ಮುಟ್ಟಿದ ಕೈಯನ್ನು ತೊಳೆದುಕೊಳ್ಳತಕ್ಕದ್ದು.

ಸುರಪುರದ ಗುಲಾಬದಾನಿಯಾಗಲಿ ಶಹಾಪುರದ ತಾಂಡಾದ ಬಿಲ್ಲೆಯಾಗಲಿ ಒಬ್ಬ ಕುಶಲನ ಉಸಿರಿನಿಂದ ಉಬ್ಬಿದ ಗಾಜೇ. ಪಾತ್ರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಿಲ್ಲೆಯನ್ನು ಚೀಲಕ್ಕೆ ಹೊಲಿಯುವವರೆಗೆ ಈ ಸೀಮೆಯ ಗಾಜಿನ ಚರಿತ್ರೆಯಲ್ಲಿ ಅರ್ಧವೇ ನಮ್ಮ ಕೈಗೆ ಸಿಕ್ಕೀತು. ಯಾದಗಿರಿ ಜಿಲ್ಲೆಯ ತಾಂಡಾಗಳಲ್ಲಿ ಹಳೆಯ ಉಡುಗೆಗಳನ್ನು ಹೊಲಿದ ಕೈಗಳು ಇರುವಾಗಲೇ ಅವುಗಳ ಮಾಹಿತಿಯನ್ನು ಬರೆದಿಡುವುದು ವಿದ್ವಾಂಸರಿಂದ ಮೊದಲು ಆಗಬೇಕಾದ ಕಾರ್ಯ.