ಮಂಜಿನ ಮುಂಜಾನೆ, ಮೆಣಸಿನಕಾಯಿ ಲೋಡು: ಲಾರಿ ಹೊರಡೋ ಮುಂಚೆ ಏನೇನು ನೋಡ್ಬೇಕು?

ಬ್ಯಾಡಗಿ: ಡಿಸೆಂಬರ್ ಬಂತೆಂದರೆ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತ ಲಾರಿಗಳ ಸಾಲು ಶುರು. ಸೋಮವಾರ, ಗುರುವಾರದ ಟೆಂಡರ್ ಹಿಡಿಯಬೇಕೆಂದರೆ ದೂರದ ಗಾಡಿಗಳು ರಾತ್ರಿಯೇ ಹೊರಡಬೇಕು. ಮಂಜು ದಟ್ಟವಾಗೋದೂ ಅದೇ ನಸುಕಿನ ಹೊತ್ತಿಗೆ.

ನಮ್ಮ ಕಡೆ ಚಳಿ ಅಂದ್ರೆ ಲಡಾಖ್ ಚಳಿ ಅಲ್ಲ. ಅಲ್ಲಿ ಸಾಮಾನ್ಯ ಡೀಸೆಲ್ ಗಟ್ಟಿಯಾಗುತ್ತದೆಂದು ಇಂಡಿಯನ್ ಆಯಿಲ್ ಕಂಪನಿ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ಹಾವೇರಿ, ರಾಣೆಬೆನ್ನೂರಲ್ಲಿ ಆ ಚಿಂತೆ ಇಲ್ಲ. ಇಲ್ಲಿನ ಭಯ ಬೇರೆ: ಮಂಜಿನಲ್ಲಿ ಚಾಲಕನಿಗೆ ರಸ್ತೆ ಕಾಣೋದಿಲ್ಲ, ಹಿಂದೆ ಬರುವವರಿಗೆ ಲಾರಿ ಕಾಣೋದಿಲ್ಲ.

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟಿಟಿ ವಾಹನ ಡಿಕ್ಕಿ ಹೊಡೆದು 13 ಮಂದಿ ತೀರಿಕೊಂಡಿದ್ದನ್ನು ನಾವ್ಯಾರೂ ಮರೆತಿಲ್ಲ. ಅದು ಜೂನ್ ತಿಂಗಳು. ಚಳಿಗಾಲದ ಮಂಜಿನಲ್ಲಿ ರಸ್ತೆ ಬದಿ ನಿಂತ ಗಾಡಿ ಇನ್ನೂ ಅಪಾಯ.

ಮೊದಲು ಹಿಂಭಾಗ ನೋಡ್ರಿ

80 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ದಾಟುತ್ತದೆ. ಮಂಜಿನಲ್ಲಿ 50 ಮೀಟರ್ ಅಷ್ಟೇ ಕಂಡರೆ, ಹಿಂದಿನವನಿಗೆ ಸಿಗೋದು ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಬ್ರೇಕ್ ಒತ್ತಿ ಗಾಡಿ ನಿಲ್ಲೋಕೆ ಅದು ಸಾಲೋದಿಲ್ಲ.

ಅದಕ್ಕೇ ರಿಫ್ಲೆಕ್ಟರ್ ಟೇಪ್ ಮುಖ್ಯ. ಹಿಂದೆ ಕೆಂಪು, ಮುಂದೆ ಬಿಳಿ, ಬದಿಗಳಲ್ಲಿ ಹಳದಿ ಇರಬೇಕು. ಧೂಳು ಕೂತ ಟೇಪ್ ಹೊಳೆಯೋದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿ. ಇನ್ನೊಂದು ಸಾಮಾನ್ಯ ತಪ್ಪು: ಲೋಡು ಕಟ್ಟಿದ ಮೇಲೆ ತಾಡಪತ್ರಿಯ ತುದಿ ಜೋತು ಬಿದ್ದು ಹಿಂದಿನ ಲೈಟು, ಟೇಪ್ ಎರಡೂ ಮುಚ್ಚಿಹೋಗುತ್ತವೆ. ಹಗ್ಗ ಬಿಗಿದ ಮೇಲೆ ಹತ್ತು ಹೆಜ್ಜೆ ಹಿಂದೆ ನಿಂತು ಒಮ್ಮೆ ನೋಡ್ರಿ.

ಗಾಡಿ ಕೆಟ್ಟರೆ ಪೂರ್ತಿ ರಸ್ತೆಯಿಂದ ಕೆಳಗಿಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಕೆಂಪು ತ್ರಿಕೋನದ ಫಲಕವನ್ನು ಗಾಡಿ ಬುಡದಲ್ಲೇ ಇಡದೆ ಸುಮಾರು 100 ಮೀಟರ್ ಹಿಂದೆ ಇಡಿ. ಕಲ್ಲು, ಗಿಡದ ಟೊಂಗೆ ಇಟ್ಟು ಹೋಗುವಾಗ ತೆಗೆಯದೆ ಬಿಟ್ಟರೆ ಬೈಕಿನವರ ಜೀವಕ್ಕೆ ಕುತ್ತು.

ಮುಂದಿನ ಲೈಟು, ಗಾಜು

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ ಲೈಟ್ ಅಥವಾ ಫಾಗ್ ಲ್ಯಾಂಪ್ ಸಾಕು. ವೈಪರ್ ರಬ್ಬರ್ ಒಡೆದಿದ್ದರೆ ಬದಲಿಸಿ. ಕ್ಯಾಬಿನ್ ಗಾಜಿಗೆ ಒಳಗಿಂದ ಮಬ್ಬು ಹಿಡಿದರೆ ಕಿಟಕಿ ಒಂದಿಷ್ಟು ತೆರೆದಿಡಿ.

ಬ್ಯಾಟರಿ, ಹವಾ, ಬ್ರೇಕು

ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಒಂದು ಸೊರಗಿದರೂ ತಂಪು ಮುಂಜಾನೆ ಸ್ಟಾರ್ಟರ್ ಎಳೆಯೋದಿಲ್ಲ. ಒಂದು ಹಳೇದು, ಒಂದು ಹೊಸದು ಹಾಕಿದರೆ ಹೊಸದೂ ಬೇಗ ಹಾಳು. ಜೋಡಿಯಾಗಿಯೇ ಬದಲಿಸಿ. ಟರ್ಮಿನಲ್ ಮೇಲಿನ ಬಿಳಿ ಪುಡಿ ಬಿಸಿನೀರಿನಿಂದ ತೊಳೆದು ಗ್ರೀಸ್ ಹಚ್ಚಿ.

ತಾಪಮಾನ 10 ಡಿಗ್ರಿ ಇಳಿದರೆ 100 ಪಿಎಸ್‌ಐ ಇರುವ ಟೈರಿನಲ್ಲಿ ಸುಮಾರು 4 ಪಿಎಸ್‌ಐ ಕಡಿಮೆಯಾಗುತ್ತದೆ. ಹವಾ ಚೆಕ್ ಮಾಡೋದು ಗಾಡಿ ಹೊರಡೋ ಮುಂಚೆ, ಟೈರ್ ತಣ್ಣಗಿದ್ದಾಗಲೇ. ಸ್ಟೆಪ್ನಿಯನ್ನೂ ಮರೀಬೇಡಿ.

ಏರ್ ಬ್ರೇಕಿನ ಟ್ಯಾಂಕಿನಲ್ಲಿ ನೀರು ಕೂಡುತ್ತದೆ. ಹಾಗೇ ಬಿಟ್ಟರೆ ಟ್ಯಾಂಕ್, ವಾಲ್ವ್ ತುಕ್ಕು ಹಿಡಿದು ಬ್ರೇಕ್ ಕೈಕೊಡಬಹುದು. ದಿನಾ ಡ್ರೇನ್ ಕಾಕ್ ತೆರೆದು ನೀರು ಬಿಡೋದು ಕ್ಲೀನರ್‌ಗೆ ಎರಡು ನಿಮಿಷದ ಕೆಲಸ.

ಮೆಣಸಿನಕಾಯಿ ಲೋಡು ಉತ್ತರ ಭಾರತದ ಗುಡ್ಡಗಾಡಿಗೆ ಹೋಗೋದಿದ್ದರೆ ರೇಡಿಯೇಟರಿಗೆ ಬರೀ ನೀರು ಹಾಕಬೇಡಿ. ಅದು ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಒಡೆಯಬಹುದು. ಕಂಪನಿ ಹೇಳಿದ ಪ್ರಮಾಣದಲ್ಲಿ ಕೂಲೆಂಟ್ ಇರಲಿ.

ಮಾಲು ಒದ್ದೆಯಾಗದಿರಲಿ, ಮೇಲೆ ಜನ ಬೇಡ

ರಾತ್ರಿಯ ಇಬ್ಬನಿ ಚೀಲಕ್ಕೆ ಇಳಿದರೆ ಕಾಯಿಗೆ ಬೂಸ್ಟು ಹಿಡಿದು ದರ ಬೀಳುತ್ತದೆ. ತೂತು ಬಿದ್ದ ತಾಡಪತ್ರಿಗೆ ಈಗಲೇ ತೇಪೆ ಹಾಕಿಸಿ.

ಲೋಡಿನ ಮೇಲೆ ಜನರನ್ನು ಮಾತ್ರ ಕೂರಿಸಲೇಬೇಡಿ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ವ್ಯಾಪಾರಿಗಳ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕೆ ಉರುಳಿ 10 ಜನ ಸತ್ತರು. ಎಲ್ಲರೂ ದುಡಿದು ತಿನ್ನುವ ನಮ್ಮ ಜಿಲ್ಲೆಯವರೇ.

ಅಂಗಡಿಯವರಿಗೂ ಒಂದು ಮಾತು

"ಎಲ್ಲಿದ್ದೀಯಪ್ಪಾ, ಇನ್ನೂ ಬಂದಿಲ್ಲಲ್ಲ?" ಅಂತ ನಸುಕಿನಲ್ಲಿ ಮೇಲಿಂದ ಮೇಲೆ ಫೋನ್ ಮಾಡಿದರೆ ಡ್ರೈವರ್ ಮಂಜಿನಲ್ಲೇ ಗಾಡಿ ಓಡಿಸ್ತಾನೆ. ದಲಾಲರು, ಅಂಗಡಿಯವರು, ಮಾಲಿನ ಮಾಲೀಕರು ಹಿಂದಿನ ಸಂಜೆಯೇ ಗಾಡಿ ಹೊರಡಿಸಿದರೆ ಅವಸರ ಇರೋದಿಲ್ಲ. ಮಂಜು ಜಾಸ್ತಿ ಇದ್ದರೆ ಪೆಟ್ರೋಲ್ ಬಂಕಿನಲ್ಲೋ ಢಾಬಾದ ಅಂಗಳದಲ್ಲೋ ನಿಲ್ಲಿಸಿ, ಬಿಸಿಲು ಬಿದ್ದ ಮೇಲೆ ಬಾ ಅನ್ನಿ. ಒಂದು ತಾಸು ತಡವಾದರೆ ಮಾಲು ಎಲ್ಲೂ ಹೋಗೋದಿಲ್ಲ.