ಕೊಡಲಿ: ಕಾವು ಬದಲಿಸುವುದೋ, ಹೊಸದು ಕೊಳ್ಳುವುದೋ?

ಅಡುಗೆಗೆ ಗ್ಯಾಸು ಬಂದಿದ್ದರೂ ಕಮತಗಿಯ ಕಡೆ ಸ್ನಾನದ ನೀರು ಕಾಯಿಸಲು ಜಾಲಿಯ ಕಟ್ಟಿಗೆ ಉರಿಸುವ ಮನೆಗಳುಂಟು. ಆ ಕಟ್ಟಿಗೆ ಸೀಳುವ ಹಿರಿಯರ ಕಾಲದ ಕೊಡಲಿ ಅಲುಗಾಡತೊಡಗಿದರೆ ಗೃಹಸ್ಥರು ಏನು ಮಾಡಬೇಕು?

ಮೊದಲು ದೋಷವೆಲ್ಲಿದೆಯೆಂದು ನೋಡಬೇಕು. ಕಾವು ಸೀಳಿದ್ದರೆ, ಬೆಣೆ ಸಡಿಲಾಗಿದ್ದರೆ, ಬಾಯಿ ಮೊಂಡಾಗಿದ್ದರೆ ಕೊಡಲಿ ಕೆಟ್ಟಿತೆಂದಲ್ಲ. ಗಂಟಿಲ್ಲದ, ಎಳೆ ನೇರವಾಗಿರುವ ಒಣ ಜಾಲಿಯ ಕಾವನ್ನು ಬಡಿಗೇರರಿಂದ ಹಾಕಿಸಿ, ಕಂಬಾರರಲ್ಲಿ ಹರಿತ ಮಾಡಿಸಿದರೆ ಸಾಕು. ಸಡಿಲಾದ ಕೊಡಲಿಯನ್ನು ನೀರಿನಲ್ಲಿ ನೆನೆಯಿಡುವ ರೂಢಿ ಮಾತ್ರ ಅಪಾಯಕರ. ನೀರು ಕುಡಿದು ಉಬ್ಬಿದ ಕಾವು ಒಣಗಿದೊಡನೆ ಮೊದಲಿಗಿಂತ ಹೆಚ್ಚು ಸಡಿಲಾಗುತ್ತದೆ. ನಾನು ಮಠದಲ್ಲಿ ಓದುತ್ತಿದ್ದಾಗ ಹಾಗೆ ನೆನೆಸಿದ ಕೊಡಲಿಯ ತಲೆ ಕಳಚಿ, ನನ್ನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿದಿತ್ತು. ಒಂದು ಬೆಣೆ ಉಳಿಸಹೋಗಿ ಒಂದು ಜೀವ ಹೋಗುವುದರಲ್ಲಿತ್ತು.

ಕಾವು ಕೂಡುವ ಕಣ್ಣಿನಲ್ಲಿಯೇ ಬಿರುಕು ಮೂಡಿದ್ದರೆ ಮರುಕ ಬೇಡ, ಬೆಸುಗೆಯೂ ಬೇಡ. ಏಟಿನ ಭಾರಕ್ಕೆ ಅದು ಮತ್ತೆ ಬಿಡಬಹುದು, ಹೊಸದನ್ನೇ ಕೊಳ್ಳಬೇಕು.

12ನೆಯ ಶತಮಾನದಲ್ಲಿ ಶರಣ ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಮಾರಿ ದಾಸೋಹ ನಡೆಸಿದರು. ಕಾಯಕದ ಸಾಧನವನ್ನು ಜೋಪಾನ ಮಾಡುವುದೂ ಕಾಯಕವೇ. ಆದರೆ ಹಿಡಿದ ಕೈಯನ್ನೇ ಕಾಯದ ಸಾಧನವನ್ನು ಬಿಡುವುದು ವಿವೇಕ.