ಊಟಿ ನೋಡಿದ್ದಾಯ್ತು, ಬೀದರಿಗೊಮ್ಮೆ ಹೋಗಿ ಬರೋಣ

ರಜೆ ಬಂತೆಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ಊಟಿ, ಮೈಸೂರಿನದ್ದೇ ಮಾತು. ಝಿಯಾರತ್ ಎಂದರೆ ಅಜ್ಮೀರ್. ನಮ್ಮದೇ ರಾಜ್ಯದ ಉತ್ತರದ ತುದಿಯಲ್ಲಿರುವ ಬೀದರ್ ಹೆಚ್ಚಿನವರ ನೆನಪಿಗೇ ಬರುವುದಿಲ್ಲ. ದೂರ, ನಿಜ. ಆದರೆ ವ್ಯಾಪಾರವನ್ನೇ ನಂಬಿ ಬಂದ ನಾವು ನೋಡಲೇಬೇಕಾದ ಒಂದು ಕಟ್ಟಡ ಅಲ್ಲುಂಟು.

ಅದು ಮಹಮೂದ್ ಗವಾನರ ಮದ್ರಸ. ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಕ್ಕೆಂದು ಬಂದ ಗವಾನ್, ಬಹಮನಿ ಸುಲ್ತಾನರ ಪ್ರಧಾನಿಯಾದರು. 1472ರಲ್ಲಿ ಅವರು ಕಟ್ಟಿಸಿದ ಈ ಮೂರಂತಸ್ತಿನ ಮದ್ರಸದಲ್ಲಿ ಮಸೀದಿ, ಗ್ರಂಥಾಲಯ, ಪಾಠದ ಕೋಣೆ, ಉಸ್ತಾದರಿಗೂ ಮಕ್ಕಳಿಗೂ ವಸತಿ ಎಲ್ಲವೂ ಇದ್ದವು. ಗಲ್ಫ್ ದುಡ್ಡಿನಲ್ಲಿ ಬಂಗಲೆ ಎಬ್ಬಿಸುವ ನಾವು ಅದರ ಮುಂದೆ ಸ್ವಲ್ಪ ಹೊತ್ತು ನಿಂತರೆ ನಷ್ಟವಿಲ್ಲ. ವೈರಿಗಳು ಹುಟ್ಟಿಸಿದ ನಕಲಿ ಪತ್ರವನ್ನು ನಂಬಿ ಸುಲ್ತಾನ 1481ರಲ್ಲಿ ಗವಾನರ ತಲೆ ಕಡಿಸಿದ. ಎರಡು ಶತಮಾನದ ಬಳಿಕ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗವೂ ಹಾರಿಹೋಯಿತು. ಉಳಿದ ಒಂದೇ ಮಿನಾರದಲ್ಲಿ ನೀಲಿ ಹೆಂಚಿನ ತುಣುಕುಗಳು ಇನ್ನೂ ಹೊಳೆಯುತ್ತವೆ.

ಕೋಟೆಗೆ ಅರ್ಧ ದಿನವಾದರೂ ಬೇಕು. ಸೋಲಾ ಖಂಬ ಮಸೀದಿ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲ್ ತಪ್ಪಿಸಬೇಡಿ. ಬೀಗ ಹಾಕಿದ್ದರೆ ಸಿಬ್ಬಂದಿಯನ್ನು ಕೇಳಿ. ನೌಬಾದಿನ ಕರೇಜ್ ಕೂಡ ನೋಡುವಂಥದ್ದು. ಇರಾನಿನ ಮರುಭೂಮಿಯವರು ನೆಲದಡಿಯ ಸುರಂಗದಲ್ಲಿ ನೀರು ಹರಿಸುತ್ತಿದ್ದ ವಿದ್ಯೆಯನ್ನು ಇಲ್ಲಿನ ಕೆಂಪು ಜಂಬಿಟ್ಟಿಗೆಯಲ್ಲಿ ಕೊರೆದಿದ್ದಾರೆ.

ಊರಾಚೆಯ ಅಷ್ಟೂರಿನಲ್ಲಿ ಅಹ್ಮದ್ ಷಾ ವಲಿಯವರ ಸಮಾಧಿ ಇದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಸುಲ್ತಾನರು ಇವರೇ. ಉರೂಸಿನ ದಿನ ಗೊತ್ತಾಗುವುದು ಹಿಜ್ರಿ ಲೆಕ್ಕದಲ್ಲಲ್ಲ, ಹಿಂದೂ ಪಂಚಾಂಗದಲ್ಲಿ. ಹೋಳಿ ಕಳೆದ ಮೇಲೆ. ಲಿಂಗಾಯತರಿಗೆ ಇವರು ಅಲ್ಲಮಪ್ರಭು. ಜಂಗಮರು ಕಲಬುರಗಿ ಕಡೆಯಿಂದ ಬಂದು ಉರೂಸಿನಲ್ಲಿ ಮುಂದೆ ನಿಲ್ಲುತ್ತಾರೆ. ಉಳ್ಳಾಲದ ಉರೂಸ್ ಕಂಡ ನಮಗೆ ಇದೇನು ಹೊಸತಲ್ಲ ಅನ್ನಬಹುದು, ಆದರೆ ಮುಂದಾಳತ್ವವನ್ನೇ ಬಿಟ್ಟುಕೊಡುವುದು ಬೇರೆಯೇ ಸಂಗತಿ ಮಾರಾಯ್ರೆ.

ಇನ್ನು ಖರೀದಿ. ಬೀದರಿಗೆ ಹೋಗಿ ಬಿದ್ರಿ ತರದಿದ್ದರೆ ಹೇಗೆ? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಅಚ್ಚು ಹಾಕಿ, ಉಳಿಯಿಂದ ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಕಾಯಿಸಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಕ್ಕಳಿಗೆ ಇದನ್ನು ಕಾರ್ಖಾನೆಯಲ್ಲೇ ತೋರಿಸಿ. ಈ ಕಲೆಗಾಗಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೂ ತಂದೆಯ ಉಳಿಯನ್ನು ಮಗ ಹಿಡಿಯುವ ಮನೆಗಳು ಕಡಿಮೆಯಾಗುತ್ತಿವೆ. ಚೌಕಾಸಿ ನಮಗೆ ರಕ್ತದಲ್ಲೇ ಬಂದದ್ದು; ಇಲ್ಲಿ ಮಾತ್ರ ಕೆಲಸಗಾರರ ಕೈಯಿಂದಲೇ ಕೊಂಡು, ಹೇಳಿದ ಬೆಲೆ ಕೊಟ್ಟುಬಿಡಿ. ಮದುವೆಯ ಉಡುಗೊರೆಗೆ ಗಾಜಿನ ಸೆಟ್ಟಿಗಿಂತ ಒಂದು ಬಿದ್ರಿ ಡಬ್ಬಿ ಮೇಲು.

ಬೆಂಗಳೂರಿನಿಂದ ರಾತ್ರಿ ರೈಲುಂಟು. ಉರೂಸ್ ನೋಡಬೇಕಿದ್ದರೆ ಬಿಸಿಲು ತಡೆದುಕೊಳ್ಳಬೇಕು. ಸಣ್ಣ ಮಕ್ಕಳಿದ್ದರೆ ದಸರಾ ರಜೆಯೇ ಒಳ್ಳೆಯದು.